ಮೊದಲೇ ಹೀಗಿತ್ತು

ಬಾಡಿಗೆ ಕಾರು ತೆಗೆದುಕೊಳ್ಳುವಾಗ ಸುತ್ತಲೂ ಒಂದು ವಿಡಿಯೋ ಮಾಡಿಟ್ಟುಕೊಳ್ಳುವುದು ನನ್ನ ಅಭ್ಯಾಸ. ಯಾರದೋ ಗೀರನ್ನು ಆಮೇಲೆ ನಮ್ಮ ತಲೆಗೆ ಕಟ್ಟಬಾರದಲ್ಲ. ಆ ಜನವರಿಯ ಬೆಳಗ್ಗೆಯೂ ಗ್ಲೆಂಡೇಲ್ ಊರಿನ ಚುರುಕು ಬಿಸಿಲಲ್ಲಿ ವಿಡಿಯೋ ಮಾಡಿ, ಹೆಂಡತಿ ಅರುಂಧತಿಯನ್ನು ಕೂರಿಸಿಕೊಂಡು ಬಿಗ್ ಬೇರ್ ಬೆಟ್ಟಕ್ಕೆ ಹಿಮ ನೋಡಲು ಹೊರಟೆ.

ಮಧ್ಯಾಹ್ನ ಬೆಟ್ಟದ ಒಂದು ತಿರುವಿನಲ್ಲಿ, ರಸ್ತೆ ಬದಿಯ ಹಿಮದಲ್ಲಿ ಮೊಣಕಾಲಿನವರೆಗೆ ಹೂತುಹೋಗಿದ್ದ ಹೆಂಗಸೊಬ್ಬಳು ಎರಡೂ ಕೈ ಎತ್ತಿ ನಿಂತಿದ್ದಳು. ಒಂದು ಕೈಗೆ ಮಾತ್ರ ಕೆಂಪು ಗ್ಲೌಸ್ ಇತ್ತು.

"ಅಯ್ಯೋ ಪಾಪ, ನಿಲ್ಲಿಸ್ರೀ!"

"ಐಸ್ ಮೇಲೆ ಬ್ರೇಕ್ ಹಾಕಿದ್ರೆ ಸ್ಕಿಡ್ ಆಗುತ್ತೆ ಕಣೇ. ನಾವೂ ಕಣಿವೆಗೆ ಬೀಳ್ಬೇಕಾ?"

ನಿಜ ಹೇಳುತ್ತೇನೆ, ಅಲ್ಲಿ ರಸ್ತೆ ಒಣಗಿತ್ತು. ಅವಳ ಒದ್ದೆ ಬಟ್ಟೆಯಿಂದ ಸೀಟು ಹಾಳಾದೀತೆಂಬುದಷ್ಟೇ ನನ್ನ ಚಿಂತೆ.

ಅಲ್ಲಿಂದ ಮುಂದೆ ಹೀಟರ್ ಎಷ್ಟು ಜೋರು ಮಾಡಿದರೂ ನನ್ನ ಕುತ್ತಿಗೆಯ ಹಿಂಭಾಗ ಮಾತ್ರ ಕೊರೆಯುತ್ತಲೇ ಇತ್ತು. ಮರಳುವಾಗ ಅವಳು ಅಲ್ಲಿರಲಿಲ್ಲ.

ಮರುದಿನ ಕಾರು ಹಿಂತಿರುಗಿಸಲು ಹೋದರೆ, ಹಿಂದಿನ ಸೀಟು ಹಿಂಡಿದರೆ ನೀರು ಬರುವಷ್ಟು ಒದ್ದೆಯಾಗಿತ್ತು. ಮೊದಲೇ ಹೀಗಿತ್ತು, ಬೇಕಾದರೆ ವಿಡಿಯೋ ನೋಡಿ ಎಂದು ಅಲ್ಲಿನ ಕೌಂಟರಿನವಳ ಮೇಲೆ ರೇಗುತ್ತಾ ಫೋನ್ ತೆರೆದೆ.

ನಾನು ಹೇಳಿದ್ದು ಸುಳ್ಳಾಗಿರಲಿಲ್ಲ. ವಿಡಿಯೋದಲ್ಲಿ, ಆ ಬೆಳಗಿನ ಬಿಸಿಲಲ್ಲೂ ಹಿಂದಿನ ಗಾಜು ಬೆಳ್ಳಗೆ ಮಂಜುಗಟ್ಟಿತ್ತು. ಒಳಗಿನಿಂದ ಎರಡು ಅಂಗೈಗಳು ಅದಕ್ಕೆ ಒತ್ತಿಕೊಂಡಿದ್ದವು; ಒಂದಕ್ಕೆ ಮಾತ್ರ ಕೆಂಪು ಗ್ಲೌಸ್ ಇತ್ತು.