ಜಸೀನಾ ಬೇಡಿದ ಮಳೆ

“ಯಾ ಅಲ್ಲಾಹ್, ನಾಳೆ ಮಳೆ ಬರ್ಲಿ. ಸುಮ್ಮನೆ ನಾಲ್ಕು ಹನಿ ಅಲ್ಲ. ಸ್ಕೂಲ್ ಮುಚ್ಚುವಂಥ ಮಳೆ!”

ಸಂಜೆಯ ಮಗ್ರಿಬ್ ನಮಾಜು ಮುಗಿದರೂ ಜಸೀನಾ ಎತ್ತಿದ ಕೈ ಇಳಿಸಿರಲಿಲ್ಲ. ಉಮ್ಮ ಜುಬೈದ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು.

“ಎಂತ ಮಾರಾಯ್ತಿ, ಇಷ್ಟು ಉದ್ದದ ದುವಾ? ನಾಳೆ ಎಂತ ಉಂಟು?”

“ಪೊಯೆಟ್ರಿ ಉಂಟು ಉಮ್ಮಾ!”

ಮಾರ್ಟಿನಾ ಮಿಸ್ ಎರಡು ಹಳೇ ಇಂಗ್ಲಿಷ್ ಪದ್ಯ ಕೊಟ್ಟಿದ್ದರು. ಒಂದು ರೊಮ್ಯಾಂಟಿಕ್ ಕಾಲದ್ದು. ಆ ಕವಿಗೆ ಬೆಟ್ಟ, ಹೊಳೆ, ಹೂವು ಎಲ್ಲಿ ನೋಡಿದರೂ ದೇವರೇ ಕಾಣುತ್ತಾನೆ. ಇನ್ನೊಂದು ಅದರ ನಂತರದ ವಿಕ್ಟೋರಿಯನ್ ಕಾಲದ್ದು. ಈ ಕವಿ ಬೆಟ್ಟದ ಬುಡದಲ್ಲಿ ನಿಂತು, ‘ದೇವರೇ, ನಿನಗೆ ಕೇಳಿಸುತ್ತಿದೆಯಾ?’ ಎನ್ನುತ್ತಾನೆ. ಎರಡನ್ನೂ ಹೋಲಿಸಿ ಇಡೀ ಕ್ಲಾಸಿನ ಮುಂದೆ ಮಾತಾಡಬೇಕು. ತಲೆ ಕೆರೆದು ಕೆರೆದು ಜಸೀನಾಳಿಗೆ ಹೊಳೆದದ್ದು ಒಂದೇ: ಎರಡರಲ್ಲೂ ಬೆಟ್ಟ ಇದೆ.

ಬೆಳಿಗ್ಗೆ ಎದ್ದರೆ ಕಿಟಕಿಯ ಗಾಜಿಗೆ ಪಟಪಟ ಮಳೆ! ಮಳೆಯೇ ಅಪರೂಪವಾದ ಮರಳುನಾಡಿನ ಕರಾಮ ಬಡಾವಣೆಯಲ್ಲಿ ರಸ್ತೆ ತುಂಬ ನೀರು. ಕೆಳಗಿನ ಅಂಗಡಿಯ ಚಪ್ಪಲಿಗಳು ತೇಲಿಕೊಂಡು ಹೊರಟಿದ್ದವು.

“ಅಲ್ಲಾಹ್ ನನ್ನ ಮಾತು ಕೇಳಿದ!” ಜಸೀನಾ ಮಂಚದ ಮೇಲೆ ಕುಣಿದಳು. ಒಂದೊಂದು ಹನಿಯೂ ತನಗೇ ಸಲಾಂ ಹೇಳುತ್ತಿದೆ ಅನ್ನಿಸಿತು.

“ಮಳೆ ಬರಿಸ್ಲಿಕ್ಕೆ ಸರ್ಕಾರದ ವಿಮಾನ ಹೋಗಿ ಮೋಡಕ್ಕೆ ಉಪ್ಪು ಹಾಕಿರ್ಬೇಕು,” ಎಂದರು ಅಬ್ಬ, ಚಾ ಹೀರುತ್ತಾ.

“ನೋ ಅಬ್ಬಾ, ಇದು ನನ್ನ ಮಳೆ!”

ಅಷ್ಟರಲ್ಲಿ ಉಮ್ಮನ ಫೋನು ಟಿಂಗ್ ಎಂದಿತು.

“ಸ್ಕೂಲ್ ಬಂದ್. ಕ್ಲಾಸ್ ಆನ್‌ಲೈನ್ ಅಂತೆ. ಯಲ್ಲಾ, ಬೇಗ ಬೇಗ ತಲೆ ಬಾಚ್ಕೊ.”

“ಆನ್‌ಲೈನಾ? ನಾಟ್ ಫೇರ್!”

“ಸ್ಕೂಲ್ ಮುಚ್ಲಿ ಅಂತ ನೀನೇ ಕೇಳಿದ್ದಲ್ವಾ? ಮುಚ್ಚಿತಲ್ಲ!” ಉಮ್ಮ ನಗು ತಡೆಯಲಾರದೆ ಅಡುಗೆಮನೆಗೆ ಓಡಿದರು.

ಜಸೀನಾ ಧೊಪ್ಪನೆ ಕುಳಿತಳು. ಅಳುವೇ ಬಂತು. ಹೊರಗೆ ಅದೇ ಮಳೆ, ಆದರೆ ಈಗ ಒಂದು ಹನಿಯೂ ಅವಳನ್ನು ಕ್ಯಾರೇ ಅನ್ನಲಿಲ್ಲ.

“ಅಲ್ಲಾಹ್, ನಿನಗೆ ನಿಜವಾಗಿ ಕೇಳಿಸ್ತಾ?” ಎಂದು ಕಿಟಕಿಯ ಗಾಜಿಗೆ ಮುಖ ಒತ್ತಿ ಪಿಸುಗುಟ್ಟಿದಳು. ಹೇಳಿದ ಮೇಲೆ ಅವಳೇ ಬೆಚ್ಚಿದಳು. ಈ ಮಾತನ್ನು ಎಲ್ಲೋ ಓದಿದ್ದೇನಲ್ಲ!

ಲ್ಯಾಪ್‌ಟಾಪಿನಲ್ಲಿ ಮಾರ್ಟಿನಾ ಮಿಸ್ ಮುಖ ಮೂಡಿತು. “ಜಸೀನಾ, ಅನ್‌ಮ್ಯೂಟ್ ಮಾಡು. ಎರಡು ಪದ್ಯಕ್ಕೂ ಏನು ವ್ಯತ್ಯಾಸ?”

“ಮಿಸ್, ಇಬ್ಬರೂ ನೋಡುವ ಬೆಟ್ಟ ಒಂದೇ. ಮೊದಲನೆಯವನಿಗೆ ಕೇಳಿದ್ದು ಸಿಕ್ಕಿದೆ. ಎರಡನೆಯವನಿಗೆ… ಆನ್‌ಲೈನ್ ಕ್ಲಾಸ್ ಸಿಕ್ಕಿದೆ.”

ಎಲ್ಲ ಮೈಕುಗಳಿಂದಲೂ ನಗು ಸಿಡಿಯಿತು. ಮಿಸ್ ಕೂಡ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಸರಿ. ಸಿಗದಿದ್ದರೂ ಅವನು ದೇವರ ಹತ್ತಿರವೇ ಯಾಕೆ ಕೇಳ್ತಾನೆ?”

ಜಸೀನಾ ಕಿಟಕಿಯ ಕಡೆ ನೋಡಿದಳು. ಗಾಜಿನ ಮೇಲೆ ಅವಳ ಪಿಸುಮಾತಿನ ಮಬ್ಬು ಇನ್ನೂ ಆರಿರಲಿಲ್ಲ.

“ಸಿಟ್ಟು ಬಂದಿದೆ ಮಿಸ್,” ಎಂದಳು ಮೆಲ್ಲಗೆ. “ಆದ್ರೆ ದೇವರ ಜೊತೆ ಟೂ ಬಿಟ್ಟಿಲ್ಲ.”