ನಾಳಿದ್ದಿನ ವೀಸಾ

"ಮೇಡಂ, ನೀವು ಇಳಿಯೋ ಹಾಗಿಲ್ಲ."

ಹಡಗಿನ ಬಾಗಿಲಲ್ಲಿ ನಿಂತು ಪಾಸ್‌ಪೋರ್ಟ್ ನೋಡುತ್ತಿದ್ದ ಕನ್ನಡದ ಆಫೀಸರ್ ಮೆಲ್ಲಗೇ ಹೇಳಿದ್ದ. ಆದರೂ ಅವಳಿಗೆ ಯಾರೋ ಮೈಕಿನಲ್ಲಿ ಕೂಗಿ ಹೇಳಿದ ಹಾಗಾಯಿತು!

"ಏನಂದ್ರಿ?"

"ಸ್ವಲ್ಪ ಪಕ್ಕಕ್ಕೆ ಬನ್ನಿ, ಹೇಳ್ತೀನಿ."

"ಪಕ್ಕಕ್ಕೆ ಯಾಕೆ? ಇಲ್ಲೇ ಹೇಳಿ. ಈ ಗುಂಪನ್ನ ಕರ್ಕೊಂಡು ಬಂದಿರೋಳೇ ನಾನು. ಇವರೆಲ್ಲರ ವೀಸಾ ಮಾಡಿಸಿದವಳೂ ನಾನೇ!"

ಆತ ಅವಳ ಪಾಸ್‌ಪೋರ್ಟ್ ಬಿಡಿಸಿ, ಪುಟದ ಮೇಲೆ ಅಂಗೈ ಅಡ್ಡ ಇಟ್ಟು, ಒಂದೇ ಒಂದು ಸಾಲು ಕಾಣುವಂತೆ ಅವಳ ಕಡೆ ತಿರುಗಿಸಿದ.

ವೀಸಾ ಚಾಲ್ತಿಗೆ ಬರುವ ದಿನಾಂಕ... ನಾಳಿದ್ದಿನದು!

ಅಯ್ಯೋ ದೇವರೇ!

ಅವಳ ಕಿವಿ ಬಿಸಿಯಾಯಿತು. ಭೂಮಿ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು. ಆದರೆ ಹಡಗಿನಲ್ಲಿ ಭೂಮಿಯಾದರೂ ಎಲ್ಲಿದೆ, ಪಾಪ!

ಊರಿನ ಟ್ರಾವೆಲ್ ಆಫೀಸಿನಲ್ಲಿ ಅವಳನ್ನು ಎಲ್ಲರೂ ಕರೆಯುವುದೇ ವೀಸಾ ಮೇಡಂ ಎಂದು. ಗಾಜಿನ ಕಿಟಕಿಯ ಹಿಂದೆ ಕುಳಿತು, ಊರವರ ಫೋಟೋಗಳ ಅಂಚು ಕತ್ತರಿಸಿ, ಅರ್ಜಿ ತುಂಬಿಸಿ, ಲೋಕಕ್ಕೆಲ್ಲ ಜನರನ್ನು ಕಳಿಸಿದವಳು. ಅವಳದೊಂದು ಪದ್ಧತಿ ಇತ್ತು. ಹಡಗಿನ ಪ್ರವಾಸಕ್ಕೆ ಹೊರಟವರಿಗೆ ಬಂದರು ಮುಟ್ಟುವ ದಿನಕ್ಕೇ ವೀಸಾ ಕೇಳುತ್ತಿರಲಿಲ್ಲ. ಮುಂದೊಂದಿಷ್ಟು, ಹಿಂದೊಂದಿಷ್ಟು ದಿನ ಬಿಟ್ಟೇ ಕೇಳುತ್ತಿದ್ದಳು. "ಸಮುದ್ರ ನಮ್ಮ ಮಾತು ಕೇಳುತ್ತಾ?" ಎಂದು ಕಿಟಕಿಯ ಆಚೆ ನಿಂತವರಿಗೆ ಉಪದೇಶ ಬೇರೆ!

ಹೊರಡುವುದಕ್ಕೆ ಇನ್ನೇನು ಸ್ವಲ್ಪ ದಿನ ಇದೆ ಎನ್ನುವಾಗ ಗುಂಪಿನ ಜೊತೆ ಬರಬೇಕಿದ್ದ ಮ್ಯಾನೇಜರ್ ಮೆಟ್ಟಿಲಿಂದ ಜಾರಿ ಕಾಲು ಮುರಿದುಕೊಂಡ. ಆಫೀಸಿನ ಯಜಮಾನರು ಅವಳ ಕಡೆ ತಿರುಗಿ, "ನೀನೇ ಹೋಗಮ್ಮ" ಎಂದರು. ಮೊದಲನೇ ವಿದೇಶ ಪ್ರವಾಸ! ಪಾಸ್‌ಪೋರ್ಟಿನ ಪುಟಗಳೆಲ್ಲ ಖಾಲಿ. ಖುಷಿಯೋ, ಗಾಬರಿಯೋ, ಅವಸರದಲ್ಲಿ ತನ್ನ ಅರ್ಜಿಯಲ್ಲಿ ಬಂದರಿನ ದಿನ ಯಾವುದೋ ಅದನ್ನೇ ಬರೆದುಬಿಟ್ಟಳು.

ನಿನ್ನೆ ಗಾಳಿ ಜೋರಾಯಿತು. ಕ್ಯಾಪ್ಟನ್ ಬಂದರುಗಳನ್ನು ಹಿಂದುಮುಂದು ಮಾಡಿದ. ಕೊನೆಗೆ ಬರಬೇಕಿದ್ದ ಬಂದರು ಇವತ್ತೇ ಬಂತು. "ಯಾರೂ ಹೆದರಬೇಡಿ, ನಾನಿದ್ದೀನಲ್ಲ!" ಎಂದು ಇವಳು ಎಲ್ಲರ ಪಾಸ್‌ಪೋರ್ಟನ್ನೂ ಮತ್ತೊಮ್ಮೆ ತಿರುವಿ ನೋಡಿದ್ದಳು. ತನ್ನದನ್ನು ಬಿಟ್ಟು!

"ಏನಮ್ಮ ಅದು? ಏನಾಯ್ತು?"

ಹಿಂದಿನಿಂದ ಬಂದ ದನಿ ಗುಂಪಿನ ಹಿರಿಯರದು. ನಿವೃತ್ತ ಮುಖ್ಯೋಪಾಧ್ಯಾಯಿನಿ. ಹಡಗಿನ ಅಡುಗೆಯವರೂ ಈಗ ಅವರನ್ನು ಹೆಡ್‌ಮಿಸ್ ಎಂದೇ ಕರೆಯುತ್ತಿದ್ದರು.

ನಿಜ ಹೇಳಬೇಕು ಎಂದುಕೊಂಡಳು. ಬಾಯಿ ಮಾತ್ರ ಬೇರೆಯೇ ಹೇಳಿತು.

"ಏನಿಲ್ಲ ಮಿಸ್... ಇವರಿಗೆ ದಿನಾಂಕ ಓದೋಕೆ ಬರ್ತಿಲ್ಲ! ನನ್ನ ವೀಸಾ ಸರಿಯಾಗೇ ಇದೆ. ನೀವೆಲ್ಲ ಹೋಗಿ, ಕೆಳಗೆ ಗೈಡ್ ಕಾಯ್ತಿದ್ದಾನೆ."

ಆಫೀಸರ್ ಅವಳ ಮುಖವನ್ನೇ ನೋಡಿದ. ಒಂದು ಮಾತೂ ಆಡಲಿಲ್ಲ. ಪಾಸ್‌ಪೋರ್ಟ್ ಮುಚ್ಚಿ ಎರಡೂ ಕೈಯಿಂದ ಅವಳಿಗೆ ಕೊಟ್ಟ.

'ಎಷ್ಟು ಸೊಕ್ಕು! ಮಾತಾಡೋಕೂ ನಾನು ಲಾಯಕ್ಕಿಲ್ಲ ಅನ್ನೋ ಹಾಗೆ...' ಎಂದು ಅವಳಿಗೆ ಉರಿಯಿತು. ನಮ್ಮ ತಪ್ಪು ನಮಗೆ ಗೊತ್ತಾದಾಗ ಎದುರಿಗಿರುವವರ ಮುಖದಲ್ಲಿ ಸೊಕ್ಕು ಕಾಣುವುದು ಎಷ್ಟು ಸುಲಭ ನೋಡಿ!

ಮೇಲಿನ ಡೆಕ್ಕಿನಿಂದ ಅವಳು ಬಸ್ಸು ಹೊರಟಿದ್ದನ್ನು ನೋಡಿದಳು. ಬಂದರಿನ ಗೇಟು, ಆಚೆ ಒಂದು ಬೀದಿ, ಬೀದಿಯಲ್ಲಿ ಯಾರೋ ಅಂಗಡಿಯ ಬಾಗಿಲು ಎತ್ತುತ್ತಿದ್ದರು. ಇಷ್ಟು ಹತ್ತಿರ! ಅವಳ ಕಣ್ಣು ತುಂಬಿ ಬಂತು.

* * *

ಸಂಜೆ ಗುಂಪು ವಾಪಸ್ ಬಂದಾಗ ಹೆಡ್‌ಮಿಸ್ ನೇರ ಅವಳ ಕ್ಯಾಬಿನ್ನಿಗೇ ಬಂದರು. ಕೈಯಲ್ಲಿ ನೀಲಿ ಬಣ್ಣದ ಒಂದು ಸ್ಕಾರ್ಫ್.

"ತಗೋ. ನಿನಗೆ ಇಳಿಯೋಕಾಗ್ಲಿಲ್ಲ ಅಂತ ಹೊಟ್ಟೆ ಉರಿದು ಹೋಯ್ತು ಕಣೇ. ನಿಜ ಹೇಳು, ಆ ಮನುಷ್ಯ ನಿನ್ನ ಹತ್ರ ಹೇಗೆ ಮಾತಾಡಿದ?"

ಈಗಲಾದರೂ ಹೇಳಬಹುದಿತ್ತು. ಸ್ಕಾರ್ಫ್ ಮೆತ್ತಗಿತ್ತು. ಹೆಡ್‌ಮಿಸ್ ಕಣ್ಣಲ್ಲಿ ಅಷ್ಟು ನಂಬಿಕೆ ಇತ್ತು. ಈ ನಂಬಿಕೆ ಹೋದರೆ ತನ್ನ ಹತ್ತಿರ ಇನ್ನೇನು ಉಳಿಯುತ್ತೆ? ವೀಸಾ ಮೇಡಂಗೆ ತನ್ನ ವೀಸಾ ಮಾಡಿಕೊಳ್ಳೋಕೇ ಬರಲಿಲ್ಲ ಅಂತ ಊರೆಲ್ಲ ಆಡಿಕೊಂಡು ನಗುತ್ತೆ...

"ಒರಟಾಗಿ ಮಾತಾಡಿದ್ರು ಮಿಸ್," ಎಂದುಬಿಟ್ಟಳು. "ಪಾಸ್‌ಪೋರ್ಟ್ ಕಿತ್ಕೊಂಡ್ರು..."

"ಹೌದಾ! ನೋಡ್ಕೋತೀನಿ ನಾನು!"

ಹೆಡ್‌ಮಿಸ್‌ಗೆ ಕೋಪ ಮೂಗಿನ ತುದಿಯಲ್ಲಿ. ಊಟದ ಹೊತ್ತಿಗೆ ಇಡೀ ಗುಂಪು ಹಡಗಿನ ಮೇಲಧಿಕಾರಿಗೆ ದೂರು ಕೊಟ್ಟು ಬಂದಿತ್ತು. ಹೆಂಗಸಿನ ಜೊತೆ ಒರಟಾಗಿ ನಡೆದುಕೊಂಡ ಎಂದು!

ಅವಳು ತಟ್ಟೆ ಪಕ್ಕಕ್ಕೆ ಸರಿಸಿ ಎದ್ದಳು.

* * *

ಮರುದಿನ ಯಾವ ಬಂದರೂ ಇರಲಿಲ್ಲ, ಬರೀ ನೀರು. ಈಜುಕೊಳದ ಪಕ್ಕ ಹಾದು ಹೋಗುತ್ತಿದ್ದವಳು ಅಲ್ಲೇ ನಿಂತುಬಿಟ್ಟಳು.

ಟವೆಲ್ ಕೊಡುವ ಮೇಜಿನ ಹಿಂದೆ ಅದೇ ಆಫೀಸರ್! ಬಿಳಿ ಯೂನಿಫಾರ್ಮಿನ ಭುಜಪಟ್ಟಿ ಇರಲಿಲ್ಲ. ಒದ್ದೆ ಮಕ್ಕಳಿಗೆ ಟವೆಲ್ ಮಡಿಸಿ ಮಡಿಸಿ ಕೊಡುತ್ತಿದ್ದ.

ಓಡಿಹೋಗಬೇಕೆನ್ನಿಸಿತು. ಕಾಲು ಮಾತ್ರ ಅವನ ಕಡೆಗೇ ಹೋಯಿತು.

"ನೀವು... ಇಲ್ಲಿ?"

"ಟವೆಲ್ ಬೇಕಾ ಮೇಡಂ?"

"ತಮಾಷೆ ಮಾಡಬೇಡಿ."

"ತಮಾಷೆ ಅಲ್ಲ. ಸಂಜೆ ವಿಚಾರಣೆ ಇದೆ. ಅಲ್ಲಿ ತನಕ ಬಾಗಿಲ ಹತ್ರ ಹೋಗೋ ಹಾಗಿಲ್ಲ." ಆತ ಟವೆಲಿನ ಅಂಚು ಸರಿಮಾಡಿದ. "ನಿಮ್ಮ ವೀಸಾ ದಿನಾಂಕ ಮೇಲಿನವರೂ ನೋಡಿದ್ದಾರೆ. ತಡೆದದ್ದಕ್ಕೆ ಏನೂ ತಕರಾರಿಲ್ಲ. ಒರಟಾಗಿ ಮಾತಾಡಿದೆ, ಕಿತ್ಕೊಂಡೆ ಅಂತ ಇದೆಯಲ್ಲ... ಅದು ನಿಜ ಅಂತಾದ್ರೆ ನಾಳೆ ಬಂದರಲ್ಲಿ ನನ್ನನ್ನ ಇಳಿಸಿ ಮನೆಗೆ ಕಳಿಸ್ತಾರೆ. ಮತ್ತೆ ಯಾವ ಹಡಗೂ ಕರೆಯಲ್ಲ."

ಅವಳು ಮೇಜಿನ ಅಂಚು ಹಿಡಿದುಕೊಂಡಳು.

"ನನ್ನ ತಪ್ಪು ಅಂತ ನಿನ್ನೇನೇ ಎಲ್ಲರ ಮುಂದೆ ಹೇಳಬಹುದಿತ್ತಲ್ಲ ನೀವು! ಯಾಕೆ ಸುಮ್ಮನಿದ್ರಿ?"

"ನಿಮ್ಮ ಹಿಂದೆ ಅಷ್ಟೂ ಜನ ಕತ್ತು ಉದ್ದ ಮಾಡಿ ಇಣುಕ್ತಾ ಇದ್ರು. ಅದಕ್ಕೇ ಪುಟದ ಮೇಲೆ ಕೈ ಇಟ್ಟೆ. ಪಕ್ಕಕ್ಕೆ ಬನ್ನಿ ಅಂದೆ. ನೀವು ಬರಲಿಲ್ಲ."

ಅವಳು ಅವನ ಕೈಯನ್ನೇ ನೋಡಿದಳು.

ಆ ಅಂಗೈ! ಆತನಿಗೆ ಸೊಕ್ಕು ಎಂದುಕೊಂಡಿದ್ದಳಲ್ಲ... ಅದು ಅವಳ ಮಾನ ಮುಚ್ಚಲು ಇಟ್ಟ ಕೈ!

"ಒಂದು ಕೇಳಲಾ?" ಆತನ ದನಿಯಲ್ಲಿ ಈಗಲೂ ಕೋಪವಿರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು! "ನಿಮ್ಮ ಗುಂಪಿನ ಪಾಸ್‌ಪೋರ್ಟ್ ಎಲ್ಲ ನಾನೇ ನೋಡಿದ್ದು. ಎಲ್ಲರಿಗೂ ಹಿಂದೆ ಮುಂದೆ ದಿನ ಬಿಟ್ಟು ವೀಸಾ ಮಾಡಿಸಿದ್ದೀರಿ. ಅಷ್ಟು ಅಚ್ಚುಕಟ್ಟು ಕೆಲಸ ನಾನು ನೋಡೇ ಇಲ್ಲ. ನಿಮಗೆ ಮಾತ್ರ ಯಾಕೆ ಬಿಟ್ಕೊಳ್ಳಲಿಲ್ಲ?"

ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಅಪ್ಪ, ಅಮ್ಮ, ಆಫೀಸಿನ ಯಜಮಾನರು, ಕೊನೆಗೆ ಅವಳೂ.

"ನನಗೆ ಅಂತ ಯಾವತ್ತೂ ಏನೂ ಮಾಡ್ಕೊಂಡಿರಲಿಲ್ಲ... ಅಭ್ಯಾಸ ಇರಲಿಲ್ಲ," ಎಂದಳು.

"ನಂದೂ ಅದೇ ಕತೆ. ಊರೂರಲ್ಲಿ ಜನರನ್ನ ಇಳಿಸ್ತೀನಿ. ನಾನು ಬಾಗಿಲಲ್ಲೇ." ಆತ ನಕ್ಕ. "ಹೋಗಿ ಮೇಡಂ. ನಿಮ್ಮವರು ನೋಡಿದ್ರೆ ಇನ್ನೊಂದು ದೂರು ಬರುತ್ತೆ."

ಅವಳು ಕ್ಯಾಬಿನ್ನಿಗೆ ಬಂದು ಬಾಗಿಲು ಹಾಕಿಕೊಂಡಳು. ನೀಲಿ ಸ್ಕಾರ್ಫ್ ಮಂಚದ ಮೇಲೆ ಬಿದ್ದಿತ್ತು. ಅದನ್ನು ಕಣ್ಣಿಗೆ ಕಾಣದಂತೆ ದಿಂಬಿನ ಕೆಳಗೆ ತಳ್ಳಿದಳು. 'ಥೂ! ನನ್ನ ಮರ್ಯಾದೆ ಉಳಿಸಿದವನ ಮರ್ಯಾದೆ ನಾನೇ ತೆಗೆದೆ... ಎಂಥಾ ಹೆಂಗಸು ನಾನು!'

ಅತ್ತಳು. ಮುಖ ತೊಳೆದಳು. ಸುಳ್ಳು ಹೇಳಲು ಒಂದು ಉಸಿರು ಸಾಕಾಗಿತ್ತು. ನಿಜ ಹೇಳಲು ಕನ್ನಡಿಯ ಮುಂದೆ ಎಷ್ಟು ಹೊತ್ತು ನಿಂತರೂ ಧೈರ್ಯ ಬರಲಿಲ್ಲ. ಧೈರ್ಯ ಬಾರದೆಯೇ ಹೊರಟಳು.

* * *

ಗುಂಪು ಊಟದ ಹಾಲಿನಲ್ಲಿ ಚಹಾ ಕುಡಿಯುತ್ತಿತ್ತು. ಅವಳು ಮೇಜಿನ ತುದಿಯಲ್ಲಿ ನಿಂತಳು.

"ಎಲ್ಲರೂ ಒಂದು ನಿಮಿಷ... ಕೇಳಿ."

"ಏನಮ್ಮ, ನಾಳೆ ಎಷ್ಟು ಹೊತ್ತಿಗೆ ಇಳಿಯೋದು?" ಎಂದರು ಯಾರೋ.

ಅವಳು ಪಾಸ್‌ಪೋರ್ಟ್ ಬಿಡಿಸಿ, ವೀಸಾ ಪುಟವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. ಈ ಸಲ ಮುಚ್ಚಲು ಯಾರ ಅಂಗೈಯೂ ಇರಲಿಲ್ಲ.

"ನನ್ನ ವೀಸಾ ತಪ್ಪಾಗಿತ್ತು. ತಪ್ಪು ನಂದೇ. ಆ ಆಫೀಸರ್ ಒರಟಾಗಿ ಮಾತಾಡಲಿಲ್ಲ, ಏನನ್ನೂ ಕಿತ್ಕೊಳ್ಳಲಿಲ್ಲ. ನಾನು ಸುಳ್ಳು ಹೇಳ್ದೆ. ನಾಚಿಕೆಗೆ ಹೇಳ್ದೆ..."

ಲೋಟ ಕೆಳಗಿಟ್ಟ ಸದ್ದು ಕೇಳಿತು.

"ಹಾಗಾದ್ರೆ ನಮ್ಮ ವೀಸಾ ಎಲ್ಲ ಸರಿ ಇದ್ಯೇನ್ರೀ?" ಎಂದ ಒಬ್ಬ. ಇನ್ನೊಬ್ಬ ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದ. ಮೂಲೆಯಿಂದ, "ಯಜಮಾನರಿಗೆ ಹೇಳಲೇಬೇಕು ಇದು," ಎಂಬ ದನಿ ಬಂತು.

"ಹೇಳಿ. ನಾನೂ ಹೇಳ್ತೀನಿ," ಎಂದಳು ತಲೆ ತಗ್ಗಿಸಿ.

ಹೆಡ್‌ಮಿಸ್ ಎದ್ದರು. ಅವರ ಮುಖ ಕೆಂಪಾಗಿತ್ತು.

"ನನ್ನ ಸರ್ವಿಸ್ ಪೂರ್ತಿ ಒಂದು ಮಗುವಿಗೂ ತಪ್ಪು ಶಿಕ್ಷೆ ಕೊಟ್ಟೋಳಲ್ಲ ನಾನು. ಈ ವಯಸ್ಸಲ್ಲಿ ನನ್ನ ಕೈಯಲ್ಲಿ ಕೊಡಿಸಿಬಿಟ್ಟೆಯಲ್ಲೇ!"

"ಕ್ಷಮಿಸಿ ಮಿಸ್..."

"ನನ್ನ ಹತ್ರ ಆಮೇಲೆ ಕೇಳು. ನಡಿ ಮೊದಲು, ವಿಚಾರಣೆ ಶುರುವಾಗೋದ್ರೊಳಗೆ!"

ಕೈ ಹಿಡಿದು ಎಳೆದುಕೊಂಡೇ ಹೋದರು. ಆ ಹಿಡಿತ ನೋಯುತ್ತಿತ್ತು. ಆದರೂ ಅವರು ಕೈ ಬಿಡಲಿಲ್ಲ ಎನ್ನುವುದೇ ಅವಳಿಗೆ ಆಗ ದೊಡ್ಡದಾಗಿತ್ತು.

ಮೇಲಧಿಕಾರಿಯ ಕೋಣೆಯಲ್ಲಿ ಆತ ಗೋಡೆಯ ಪಕ್ಕ ಕೈಕಟ್ಟಿ ನಿಂತಿದ್ದ. ಅವನ ಎದುರಿಗೇ ಅವಳು ಎಲ್ಲವನ್ನೂ ಹೇಳಿದಳು. ಯಾವುದನ್ನೂ ಬಿಡಲಿಲ್ಲ, ಆ ಅಂಗೈಯನ್ನೂ.

ಹೆಡ್‌ಮಿಸ್ ಕನ್ನಡಕ ತೆಗೆದು ಅವನ ಮುಂದೆ ನಿಂತರು. "ತಪ್ಪಾಯ್ತಪ್ಪ. ಕೇಳದೆ ಶಿಕ್ಷೆ ಕೊಟ್ಟೆ."

"ಅಯ್ಯೋ, ಹಾಗೆಲ್ಲ ಅನ್ನಬೇಡಿ ಅಮ್ಮ!" ಎಂದು ಆತ ಗಾಬರಿಯಾದ.

ಅವಳ ಕಡೆ ಮಾತ್ರ ನೋಡಲಿಲ್ಲ.

* * *

ಬೆಳಗ್ಗೆ ಹೊಸ ಬಂದರು. ಇಲ್ಲಿಗೆ ವೀಸಾ ಬೇಕಿರಲಿಲ್ಲ. ಪಾಸ್‌ಪೋರ್ಟಿನ ಜೊತೆ ಪ್ರಯಾಣಿಕರಿಗೆ ಹಡಗಿನವರೇ ಕೊಡುವ ಪಾಸ್ ಇದ್ದರೆ ಸಾಕಿತ್ತು.

ಅವಳು ಎಲ್ಲರನ್ನೂ ಮುಂದೆ ಕಳಿಸಿ ಸಾಲಿನ ಕೊನೆಯಲ್ಲಿ ನಿಂತಳು. ಕೊರಳಲ್ಲಿ ನೀಲಿ ಸ್ಕಾರ್ಫ್. ಬೇಡವೆಂದರೂ ಹೆಡ್‌ಮಿಸ್ ಅವರೇ ಸುತ್ತಿದ್ದರು, "ಕೋಪ ಬೇರೆ, ಚಳಿ ಬೇರೆ" ಎಂದು ಗೊಣಗುತ್ತಾ.

ಬಾಗಿಲಲ್ಲಿ ಆತನೇ! ಭುಜದ ಪಟ್ಟಿ ವಾಪಸ್ ಬಂದಿತ್ತು.

ಅವಳು ಪಾಸ್‌ಪೋರ್ಟ್ ಚಾಚಿದಳು. ಕಣ್ಣೆತ್ತಲು ಆಗಲಿಲ್ಲ.

"ನಿಮ್ಮ ಮುಖ ನೋಡೋಕೂ ನಾಚಿಕೆ ಆಗುತ್ತೆ ನನಗೆ."

"ನಿನ್ನೆ ನನಗೂ ಆಯ್ತು," ಎಂದ ಆತ. "ನೀವು ಆ ಅಂಗೈ ವಿಷಯ ಹೇಳಿದಾಗ. ಎಲ್ಲರ ಮುಂದೆ ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು. ಅದಕ್ಕೇ ಆ ಕಡೆ ತಿರುಗಿ ನಿಂತೆ."

ಅವಳು ಚಕ್ಕನೆ ತಲೆ ಎತ್ತಿದಳು.

"ಕೋಪ... ಇಲ್ವಾ?"

"ಇತ್ತು. ಟವೆಲ್ ಮಡಿಸೋ ತನಕ ಇತ್ತು. ಆಮೇಲೆ ನೀವೇ ಎದುರು ಬಂದು ನಿಂತ್ರಿ."

ಆತ ಪಾಸ್‌ಪೋರ್ಟ್ ಬಿಡಿಸಿ ಮತ್ತೆ ಪುಟದ ಮೇಲೆ ಅಂಗೈ ಇಟ್ಟ.

"ಈಗೇನು ತಪ್ಪಾಗಿದೆ? ಏನು ಮುಚ್ತಿದ್ದೀರಿ?"

"ಫೋಟೋ."

"ಯಾಕೆ?"

"ಸುಮ್ಮನೆ. ಬೇರೆ ಯಾರೂ ನೋಡೋದು ಬೇಡ ಅಂತ..."

ಅವಳ ಕಿವಿ ಮತ್ತೆ ಬಿಸಿಯಾಯಿತು. ಈ ಬಿಸಿಯೇ ಬೇರೆ!

"ಮಧ್ಯಾಹ್ನ ನನಗೆ ಬಿಡುವು," ಎಂದ ಆತ ಮೆಲ್ಲಗೆ. "ಇಳೀಬೇಕು ಅಂತ ಮೊದಲನೇ ಸಲ ಕೇಳ್ಕೊಂಡಿದ್ದೀನಿ. ಬಂದರಿನ ಗೇಟಿನ ಹತ್ರ ಇರ್ತೀರಾ?"

"ಇರ್ತೀನಿ."

"ತಡ ಆಗಬಹುದು."

ಅವಳು ಪಾಸ್‌ಪೋರ್ಟನ್ನು ಅವನ ಕೈಯಿಂದ ಮೆಲ್ಲನೆ ತೆಗೆದುಕೊಂಡಳು.

"ಆಗಲಿ ಬಿಡಿ. ಈ ಸಲ ನಾನು ಹಿಂದೆ ಮುಂದೆ ಹೊತ್ತು ಜಾಸ್ತಿನೇ ಬಿಟ್ಕೊಂಡಿದ್ದೀನಿ."