ಏರಿನಲ್ಲಿ ಮೂರು ಸಲ

ಫೆಬ್ರವರಿ 5, ಬುಧವಾರ ಬೆಳಿಗ್ಗೆ 7.20ಕ್ಕೆ ಠಾಣೆಗೆ ಬಂದ ದೂರು ಆನೆಯ ಮೇಲಿತ್ತು.

ದೂರು ತಂದವನು ಬಾವಲಿ ಕಡೆಯ ಕಾಡಂಚಿನ ಹಾಡಿಯ ಮಾರನ್. ಅವನ ಅಣ್ಣ ಚಾತನ್ ರಸ್ತೆಬದಿಯ ಚರಂಡಿಯಲ್ಲಿ ಬಿದ್ದಿದ್ದನ್ನು ಹಾಲಿನ ವ್ಯಾನಿನವರು ಆರು ಗಂಟೆಗೆ ಕಂಡಿದ್ದರು. ಸೊಂಟ ಮುರಿದಿತ್ತು, ಪ್ರಜ್ಞೆ ಇರಲಿಲ್ಲ. ಮಾನಂದವಾಡಿ ಆಸ್ಪತ್ರೆಗೆ ಸೇರಿಸಿದ್ದರು.

"ಆನೆ ಎತ್ತಿ ಒಗೆದದೆ ಸಾರೇ."

"ನೋಡಿದಿರಾ?" ಕಾನ್ಸ್‌ಟೇಬಲ್ ಉಣ್ಣಿ ಕೇಳಿದ. ಬಾವಲಿಯಲ್ಲೇ ಹುಟ್ಟಿದವನಾದ್ದರಿಂದ ಠಾಣೆಯಲ್ಲಿ ಕನ್ನಡದ ಮಾತೆಲ್ಲ ಅವನ ಪಾಲಿಗೆ ಬರುತ್ತಿತ್ತು.

"ನೋಡಿದ್ರೆ ನಾನೂ ಚರಂಡೀಲೇ ಇರ್ತಿದ್ದೆ."

8.15ಕ್ಕೆ ಇನ್ಸ್‌ಪೆಕ್ಟರ್ ಷೈಜ ಮತ್ತು ಉಣ್ಣಿ ಸ್ಥಳಕ್ಕೆ ಬಂದರು. ಅದು ಉದ್ದನೆಯ ಏರು. ಎಡಕ್ಕೆ ಕಾಡು, ಬಲಕ್ಕೆ ಐವತ್ತು ಹೆಜ್ಜೆ ದೂರದಲ್ಲಿ ಚಾತನ್‌ನ ಮನೆ. ರಸ್ತೆಯಂಚಿನ ಮೆತ್ತನೆ ಮಣ್ಣಿನಲ್ಲಿ ಆನೆಯ ಹೆಜ್ಜೆ ಒಂದೂ ಇರಲಿಲ್ಲ. ಚಾತನ್ ಹೊತ್ತಿದ್ದ ಹುಲ್ಲಿನ ಹೊರೆ ಕಾಡಿನ ಬದಿಯ ಚರಂಡಿಗೆ ಉರುಳಿತ್ತು. ಅದರ ಪಕ್ಕ ಕಿತ್ತಳೆ ಬಣ್ಣದ ಮೂರು ಚೂರುಗಳು: ಗಾಡಿಯ ಇಂಡಿಕೇಟರಿನವು. ಸ್ವಲ್ಪ ಮೇಲೆ, ಗಾಡಿ ನಿಂತ ಕಡೆ, ಎಣ್ಣೆಯ ಹನಿಗಳು. ಇಬ್ಬರು ಪಂಚರ ಎದುರು ಪಂಚನಾಮೆ ಬರೆದರು. 10.05ಕ್ಕೆ ಎಫ್‌ಐಆರ್ ದಾಖಲಾಯಿತು. ಅದರಲ್ಲಿ ಆನೆ ಇರಲಿಲ್ಲ.

ಚಾತನ್‌ನ ಹೆಂಡತಿ ನೀಲಿ ಆಸ್ಪತ್ರೆಯ ವರಾಂಡದ ಗೋಡೆಗೆ ಒರಗಿ ಕೂತಿದ್ದಳು. ಒಳಗಿನಿಂದ ಯಾರು ಬಂದರೂ ಬೆಚ್ಚುತ್ತಿದ್ದಳು.

"ನಿನ್ನೆ ಸಂಜೆ ಏನಾದರೂ ಕೇಳಿಸಿತಾ ನೀಲಕ್ಕ?" ಉಣ್ಣಿ ಕೇಳಿದ.

"ಆರೂಮುಕ್ಕಾಲು ಹೊತ್ತಿಗೆ ಒಂದು ವಂಡಿ. ಏರು ಹತ್ತುವಾಗ ಕಾದ ಹೆಂಚಿಗೆ ಹುರುಳಿ ಹಾಕ್ದಂಗೆ, ಚಟಚಟ ಚಟಚಟ. ಮೇಲೆ ಹೋಗಿ ನಿಂತ್ಕೊಳ್ತು. ಕೆಳಗೆ ಬಂತು, ತಿರುಗಿ ಹತ್ತಿತು. ಆವಾಗ ನಾಕೇ ಕಾಳು."

"ಮತ್ತೆ?"

"ಮೂರನೇ ಸಲ ಕಾಳೇ ಇಲ್ಲ. ವಂಡಿ ಅದೇ. ಆಮೇಲೆ ದಪ್ ಅಂತು."

"ಹೊರಗೆ ಬಂದು ನೋಡಿದಿರಾ?"

"ಆನೆ ಅಂದ್ಕೊಂಡೆ. ಅಗುಳಿ ಹಾಕಿದೆ. ತಡ ಆದ್ರೆ ಅವ್ರು ಮಾರನ್ ಮನೇಲೇ ಉಳೀತಾರೆ."

"ಕೂಗು ಕೇಳಿಸಿತಾ?"

ನೀಲಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಮುಸ್ಸಂಜೇಲಿ ಕಾಡಿನ ಕಡೆಯಿಂದ ಒಂದೇ ಸಲ ಹೆಸರು ಕರೆದ್ರೆ ಓ ಅನ್ನಬಾರದು ಸಾರೇ. ಎರಡನೇ ಸಲ ಕರೆದ್ರೇನೇ ಮನುಷ್ಯ."

"ಯಾರಾದರೂ ಕರೆದರಾ?"

ಅವಳು ವಾರ್ಡಿನ ಬಾಗಿಲ ಕಡೆ ತಿರುಗಿದಳು. ಉಣ್ಣಿ ಅಷ್ಟನ್ನೇ ಬರೆದುಕೊಂಡ.

ಜೀಪಿನಲ್ಲಿ ಷೈಜ ಕೇಳಿದಳು, "ಹುರುಳಿ ಅಂದರೇನು?"

"ನಾಕಿಂಗ್ ಮೇಡಂ. ಪಿಸ್ಟನ್ ಮೇಲೆ ಬರೋ ಮೊದಲೇ ಕಿಡಿ ಹೊತ್ತಿದರೆ ಎಂಜಿನ್ ಒಳಗೇ ಬಡಿಯುತ್ತದೆ. ನಮ್ಮ ಹಳೇ ಜೀಪೂ ಹಂಗೇ ಇತ್ತು. ಕಳ್ಳರು ಒಂದು ಮೈಲಿ ಮುಂಚೆಯೇ ಕೇಳಿಸಿಕೊಂಡು ಊಟ ಮುಗಿಸಿ ಓಡುತ್ತಿದ್ದರು." ಆಮೇಲೆ ನಗು ಬಿಟ್ಟು ಹೇಳಿದ, "ಯಾರೋ ಏರಿನಲ್ಲಿ ಓಡಿಸಿ ಓಡಿಸಿ ಅದನ್ನು ಸರಿ ಮಾಡಿದ್ದಾರೆ."

ಅಂಥ ಬಡಿತ ಬರುವಂತೆ ಎಂಜಿನ್ ಮಾರ್ಪಡಿಸಿಕೊಂಡ ಕಾರು ಆ ಭಾಗದಲ್ಲಿ ಒಂದೇ ಇತ್ತು. ಕಾಫಿ ತೋಟದ ಸಮ್ಯಕ್ ರ‍್ಯಾಲಿಗೆಂದು ಹಳೆಯ ಕಾರಿನ ಎಂಜಿನ್ ಹೆಡ್ ಉಜ್ಜಿಸಿ ಜೋರು ಹೆಚ್ಚಿಸಿಕೊಂಡಿದ್ದ. ಸೋಮವಾರದಿಂದ ಅದು ಸುಮೇಶನ ವರ್ಕ್‌ಶಾಪಿನಲ್ಲಿದೆ, ತಾನು ಮೈಸೂರಿನಲ್ಲಿದ್ದೆ ಎಂದ. ಮೈಸೂರಿನ ಲಾಡ್ಜಿನವರೂ ಹೌದೆಂದರು.

ಗುರುವಾರ 11.40. ವರ್ಕ್‌ಶಾಪಿನಲ್ಲಿ ಕಾರು ತೊಳೆದು ನಿಂತಿತ್ತು. ಎಡಗಡೆಯ ಇಂಡಿಕೇಟರ್ ಹೊಸದು. ಸುಮೇಶ್‌ಗೆ ಮೂವತ್ತು ದಾಟಿರಬಹುದು. ಕಿವಿಯಿಂದಲೇ ಎಂಜಿನ್ ರೋಗ ಹಿಡಿಯುತ್ತಾನೆಂದು ಮಾನಂದವಾಡಿಯವರೆಗೂ ಹೆಸರು.

"ಕಾರು ಹೊರಗೆ ಹೋಗಿತ್ತಾ?" ಷೈಜ ಕೇಳಿದಳು.

"ಇಲ್ಲ ಮೇಡಂ. ನಿಂತಲ್ಲೇ ಟೈಮಿಂಗ್ ಕೊಟ್ಟೆ."

ಉಣ್ಣಿ ಬಾನೆಟ್ ಎತ್ತಿದ. ಕಿಡಿಯ ಹೊತ್ತನ್ನು ಹಿಂದೆ ಮುಂದೆ ಮಾಡಲು ತಿರುಗಿಸುವ ಡಿಸ್ಟ್ರಿಬ್ಯೂಟರಿನ ಬುಡದಲ್ಲಿ ಜಿಡ್ಡು ಕಿತ್ತು ಮೂರು ಗೆರೆ ಎಳೆದಿತ್ತು. ಪ್ರತಿ ಸಲ ತಿರುಗಿಸಿದ ಜಾಗಕ್ಕೊಂದರಂತೆ ಸ್ಕ್ರೂಡ್ರೈವರಿನ ಹೊಸ ಗೆರೆಗಳು.

"ನಾಕಿಂಗ್ ಹೋಯಿತಾ ಸುಮೇಶಾ?"

"ಪೂರ್ತಿ ಹೋಯಿತು ಉಣ್ಣಿ ಚೇಟ್ಟಾ. ಒಂದು ಚೂರೂ ಇಲ್ಲ." ಆ ಮಾತಿನಲ್ಲಿ ಹೆಮ್ಮೆಯಿತ್ತು.

"ಇಲ್ಲ ಅಂತ ಹೇಗೆ ಗೊತ್ತಾಯಿತು? ಇದು ಬಡಿಯೋದು ಏರಿನಲ್ಲಿ ಭಾರ ಬಿದ್ದಾಗ. ನಿನ್ನ ಶೆಡ್ಡು ಮಟ್ಟವಾಗಿದೆಯಲ್ಲ."

ಸುಮೇಶ್ ಕೈ ಒರೆಸಿಕೊಂಡ. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ.

ಹಿಂದಿನ ಗುಜರಿ ಡ್ರಮ್ಮಿನಲ್ಲಿ ಒಡೆದ ಇಂಡಿಕೇಟರ್ ಸಿಕ್ಕಿತು. ಚರಂಡಿಯ ಮೂರು ಚೂರು ಅದಕ್ಕೆ ಕೂತವು. ಮಹಜರ್ ಬರೆದು ವಶಪಡಿಸಿಕೊಂಡರು.

ಆದರೂ ಷೈಜಳಿಗೆ ಸಾಕೆನಿಸಲಿಲ್ಲ. ಬೇರೆ ಗಾಡಿಯ ಚೂರು ಎಂದು ನಾಳೆ ವಕೀಲ ಹೇಳಬಹುದು. ಸಂಜೆ 4.30ಕ್ಕೆ ನೀಲಿಯನ್ನು ಮನೆಯ ಜಗಲಿಯಲ್ಲಿ ರಸ್ತೆಗೆ ಬೆನ್ನು ಮಾಡಿ ಕೂರಿಸಿದರು. ಸುಮೇಶ್‌ನನ್ನು ಜೀಪಿನಲ್ಲಿ ಕೂರಿಸಿದರು. ಉಣ್ಣಿ ಡಿಸ್ಟ್ರಿಬ್ಯೂಟರನ್ನು ಮೊದಲ ಗೆರೆಗೆ ತಿರುಗಿಸಿ ಕಾರನ್ನು ಏರಿಗೆ ಬಿಟ್ಟ. ಚಟಚಟ ಶಬ್ದ ಕಾಡಿಗೆ ಬಡಿದು ಹಿಂದೆ ಬಂತು.

"ಇದೇ," ಎಂದಳು ನೀಲಿ.

ಎರಡನೇ ಗೆರೆ. ಅಲ್ಲೊಂದು ಇಲ್ಲೊಂದು ಕಾಳು. "ಇದೇ."

ಮೂರನೆಯದಕ್ಕೆ ಕಾರು ಮೆತ್ತಗೆ, ಸ್ವಚ್ಛವಾಗಿ ಹತ್ತಿತು. ನೀಲಿ ಎದ್ದು ಒಳಗೆ ಓಡಿದಳು. ಅಗುಳಿ ಬಿದ್ದ ಸದ್ದು ರಸ್ತೆಯವರೆಗೂ ಕೇಳಿಸಿತು.

ಜೀಪಿನಲ್ಲಿ ಸುಮೇಶ್ ಎರಡೂ ಕಿವಿಗೆ ಕೈ ಇಟ್ಟುಕೊಂಡಿದ್ದ. 5.10ಕ್ಕೆ ಅವನನ್ನು ಬಂಧಿಸಲಾಯಿತು.

ಠಾಣೆಯಲ್ಲಿ ಹೇಳಿಕೆ ಕೊಟ್ಟ. "ಮೂರನೇ ಸಲ ಬಡಿತ ನಿಂತಿತ್ತು. ನಿಜವಾಗಿ ನಿಂತಿದೆಯಾ ಅಂತ ತಲೆ ಕಿಟಕಿಯಿಂದ ಹೊರಗೆ ಹಾಕಿ ಕೇಳುತ್ತಿದ್ದೆ. ರಸ್ತೆ ನೋಡಲಿಲ್ಲ."

"ಇಳಿದು ನೋಡಲಿಲ್ಲ ಯಾಕೆ?" ಷೈಜ ಕೇಳಿದಳು.

"ನಿಲ್ಲಿಸಿದೆ. ಎಂಜಿನ್ ಆಫ್ ಮಾಡಿದೆ. ಹಂದಿ ಅಂದುಕೊಂಡೆ."

"ಹಂದಿ ಅಲ್ಲ ಅಂತ ಯಾವಾಗ ತಿಳಿಯಿತು?"

"ನೀಲೀ ಅಂತ ಕರೆದ. ಒಂದೇ ಸಲ. ಪೇಡಿ ಆಯಿತು ಮೇಡಂ, ಕಾಡಿನ ಕಡೆಯ ಕರೆ ಅಂತ ಹೆದರಿದೆ. ಇನ್ನೊಂದು ಸಲ ಕರೆದರೆ ಇಳಿಯೋಣ ಅಂತ ಕೂತೆ. ಕರೆಯಲಿಲ್ಲ. ಹೊರಟುಬಿಟ್ಟೆ."

ಉಣ್ಣಿ ಅದನ್ನು ಹಾಗೆಯೇ ಬರೆದು ಓದಿ ಹೇಳಿ ಸಹಿ ಹಾಕಿಸಿಕೊಂಡ. ಕಾರಣವೆಂದು ಬೇರೆ ಬರೆಯಲು ಏನೂ ಸಿಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಉಣ್ಣಿ ಆಸ್ಪತ್ರೆಗೆ ಹೋದಾಗ ಚಾತನ್ ಕಣ್ಣು ಬಿಟ್ಟಿದ್ದಾನೆಂದು ನರ್ಸ್ ಹೇಳಿದಳು. ನೀಲಿ ಮತ್ತೆ ಬಂದು ವರಾಂಡದಲ್ಲೇ ಕೂತಿದ್ದಳು.

"ಒಳಗೆ ಹೋಗಲಿಲ್ಲವಾ ನೀಲಕ್ಕ?"

"ಆ ವಂಡಿಯವನು ಎಲ್ಲಾ ಹೇಳಿದ್ನಾ ಸಾರೇ?"

"ಹೇಳಿದ."

"ಇವ್ರು ಎಷ್ಟು ಸಲ ಕರೆದ್ರಂತೆ?"

"ಒಂದೇ ಸಲ."

ನೀಲಿ ತಲೆಯಾಡಿಸಿದಳು. "ನನಗೂ ಒಂದೇ ಸಲ ಕೇಳಿಸ್ತು," ಎಂದಳು.